ಶೆಲ್ಫಿನ ಮೇಲೆ ಬಿದ್ದಿದ್ದ ಹುಡಿ

ಭಾನುವಾರ, 13 ಜುಲೈ 2025

ಬೆಳಿಗ್ಗೆ ಎದ್ದವಳೇ ಮಗಳು ಕೂಗಿದಳು: "ಅಮ್ಮಾ, ಇಲ್ಲಿ ಯಾರು ಪೌಡರ್ ಚೆಲ್ಲಿದ್ದು?"

ಯಾರೂ ಚೆಲ್ಲಿರಲಿಲ್ಲ. ನಡುಮನೆಯ ಶೆಲ್ಫಿನ ಮೇಲೆ, ಬಿದಿರಿನ ತುಂಡಿನ ಬುಡದಲ್ಲಿ, ಒಂದು ಚಿಟಿಕೆಯಷ್ಟು ನುಣ್ಣನೆಯ ಹುಡಿ. ಒರೆಸಿದೆ. ಸ್ನಾನ ಮುಗಿಸಿ ಬಂದು ನೋಡಿದರೆ ಮತ್ತೆ ಉದುರಿದೆ. ಬಿದಿರನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದೆ. ಗೆಣ್ಣಿನ ಪಕ್ಕದಲ್ಲಿ ಗುಂಡುಸೂಜಿಯಲ್ಲಿ ಚುಚ್ಚಿದ ಹಾಗೆ ಮೂರು ತೂತು. ಕುಟ್ಟೆ ಹಿಡಿದಿದೆ!

ಬಿದಿರಿನೊಳಗೆ ಪಿಷ್ಟ ಇರುತ್ತದೆ, ಹುಳುವಿಗೆ ಬೇಕಾದದ್ದು ಅದೇ. ಮರಿಹುಳು ತಿಂಗಳುಗಟ್ಟಲೆ ಒಳಗೇ ಕೊರೆಯುತ್ತಾ ಇದ್ದು, ರೆಕ್ಕೆ ಬಂದ ಮೇಲೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಅಂದರೆ ನಾನು ದಿನಾ ಸಂಜೆ ಎದುರಿಗೆ ಕೂತು "ಎಷ್ಟು ಶಾಂತವಾಗಿದೆ" ಎಂದು ನೋಡುತ್ತಿದ್ದ ಆ ತುಂಡಿನೊಳಗೆ ಒಂದು ಸಂಸಾರವೇ ನಡೆಯುತ್ತಿತ್ತು.

ಹೋದ ವರ್ಷ ಈ ಶೆಲ್ಫಿನ ಮೇಲಿದ್ದ ಪ್ಲಾಸ್ಟಿಕ್ ಹೂವು, ಉಡುಗೊರೆ ಬಂದ ಗಾಜಿನ ಗೊಂಬೆ, ಹೊಳೆಯುವ ಫ್ರೇಮುಗಳನ್ನೆಲ್ಲ ಇಳಿಸಿ ಐದೇ ಐದು ಸಾಮಾನು ಇಟ್ಟಿದ್ದೆ: ಬಿದಿರು, ಒಂದು ಕಪ್ಪೆಚಿಪ್ಪು, ಮೆರುಗು ಹಾಕದ ಮಣ್ಣಿನ ಹೂಜಿ, ಮರದ ಬಟ್ಟಲು, ಅಂಗೈಯಗಲದ ಕಪ್ಪು ಕಲ್ಲು. ನಿಸರ್ಗದ ವಸ್ತು ಅಂದರೆ ಇಟ್ಟಲ್ಲಿ ಸುಮ್ಮನೆ ಇರುತ್ತದೆ ಎಂದುಕೊಂಡಿದ್ದೆ. ಸುಮ್ಮನಿರುವುದು ಪ್ಲಾಸ್ಟಿಕ್ಕು. ಇವು ನೀರು ಕುಡಿಯುತ್ತವೆ, ಬೆವರುತ್ತವೆ, ಬಣ್ಣ ತಿರುಗುತ್ತವೆ, ಈಗ ನೋಡಿದರೆ ಹುಳುವನ್ನೂ ಸಾಕುತ್ತವೆ. ನನ್ನ ಮಟ್ಟಿಗೆ ಶೆಲ್ಫಿನ ಮೇಲೆ ಎಷ್ಟು ಸಾಮಾನು ಇರಬೇಕು ಅನ್ನುವುದಕ್ಕೆ ಈಗ ಒಂದೇ ಲೆಕ್ಕ: ವಾರಕ್ಕೊಮ್ಮೆ ಕೈಗೆತ್ತಿ ಒರೆಸಲು ಎಷ್ಟಕ್ಕೆ ಬೇಜಾರಾಗುವುದಿಲ್ಲವೋ ಅಷ್ಟು.

ಕಪ್ಪೆಚಿಪ್ಪಿನ ಕಥೆ ಬರೆಯಲು ಈಗಲೂ ನಾಚಿಕೆ. ಕೊಳೆ ಹೋಗಲಿ ಎಂದು ವಿನೆಗರಿನಲ್ಲಿ ಅದ್ದಿಟ್ಟೆ. ಸೊರ್ ಎಂದು ನೊರೆ ಬಂತು. ಕೊಳೆ ಬಿಡುತ್ತಿದೆ ಅಂತ ಖುಷಿಪಟ್ಟೆ. ಬಿಡುತ್ತಿದ್ದದ್ದು ಕೊಳೆಯಲ್ಲ, ಚಿಪ್ಪೇ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ತಾಗಿದರೆ ಕರಗುತ್ತದೆ. ಹೊರಗೆ ತೆಗೆದಾಗ ಒಳಗಿನ ಮುತ್ತಿನ ಹೊಳಪೆಲ್ಲ ಹೋಗಿ ಸೀಮೆಸುಣ್ಣದ ಹಾಗೆ ಮಂಕಾಗಿತ್ತು. ಸೋಪಿನ ನೀರು, ಮೆತ್ತನೆಯ ಬ್ರಶ್ಶು ಸಾಕಿತ್ತು. ಎಸೆಯಲು ಮನಸ್ಸಾಗದೆ ಮಂಕಾದ ಬದಿಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ.

ಹೂಜಿಯದೂ ಒಂದು ರಗಳೆ. ನೀರು ಹಾಕಿ ಹೂ ಇಟ್ಟರೆ ಜಿನುಗಿ ಹಲಗೆಯ ಮೇಲೆ ಉಂಗುರ ಮೂಡಿಸಿತು. ಈಗ ಒಳಗೊಂದು ಗಾಜಿನ ಲೋಟ ಇಳಿಸಿ ಅದರಲ್ಲಿ ನೀರು.

ಮರದ ಬಟ್ಟಲಿಗೆ ಮಾತ್ರ ನಾನು ಸಂತೋಷದಿಂದಲೇ ಚಾಕರಿ ಮಾಡುತ್ತೇನೆ. ಅಗಸೆ ಎಣ್ಣೆ ಒಂದೆರಡು ಹನಿ, ಹಳೆಯ ಹತ್ತಿಬಟ್ಟೆಯಲ್ಲಿ ಮರದ ಎಳೆಯ ಜಾಡು ಹಿಡಿದು ಉಜ್ಜಿದರೆ ಒಣಗಿ ಬೂದು ತಿರುಗಿದ ಮರ ಕಣ್ಣೆದುರೇ ಜೇನಿನ ಬಣ್ಣಕ್ಕೆ ಬರುತ್ತದೆ. ಇವತ್ತು ಅದನ್ನೂ ಮಾಡಿದೆ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವುದು ಗಾಳಿಯ ಆಮ್ಲಜನಕದ ಜೊತೆ ಸೇರಿ. ಆಗ ಬಿಸಿ ಹುಟ್ಟುತ್ತದೆ, ಆ ಬಿಸಿಗೆ ಮುದ್ದೆಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಹಗ್ಗದ ಮೇಲೆ ಹರವಿ ಒಣಗಿಸಿ ಆಮೇಲೆ ಬಿಸಾಡುತ್ತೇನೆ.

ಇನ್ನು ಬಿದಿರಿಗೆ ಮದ್ದು. ಔಷಧಿ ಹೊಡೆಯಲು ಇಷ್ಟವಿರಲಿಲ್ಲ, ಫ್ರೀಜರಿಗೆ ಹಾಕಿದೆ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಬಿಗಿದು ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ. ಹೊರಗೆ ತೆಗೆದ ಮೇಲೂ ಕೂಡಲೇ ಚೀಲ ಬಿಚ್ಚುವಂತಿಲ್ಲ. ತಣ್ಣಗಿರುವ ಬಿದಿರಿನ ಮೈಮೇಲೆ ನೀರು ಕಟ್ಟಿ ಬೂಷ್ಟು ಬರುತ್ತದೆ. ಚೀಲದೊಳಗೇ ಕೋಣೆಯ ಬಿಸಿಗೆ ಬರಲಿ ಎಂದು ಒಂದು ದಿನ ಕಾಯಬೇಕು. ಮಧ್ಯಾಹ್ನ ಇವರು ಫ್ರೀಜರ್ ತೆಗೆದು, "ಇದೇನೇ ಇದು?" ಎಂದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಬಾಗಿಲು ಹಾಕಿ ಹೋದರು. ಹನ್ನೆರಡು ವರ್ಷದ ಸಂಸಾರ.

ಸಂಜೆ ದೀಪ ಹಾಕಿದೆ. (ಮೊದಲು ಅಲ್ಲಿ 6500 ಕೆಲ್ವಿನ್‌ನ ಬೆಳ್ಳನೆ ಬಲ್ಬಿತ್ತು. ಅದರಡಿಯಲ್ಲಿ ಒಳ್ಳೆಯ ಮರವೂ ರೋಗ ಬಂದಂತೆ ಕಾಣುತ್ತಿತ್ತು. 2700ರ ಹಳದಿ ಬೆಳಕಿನ ಬಲ್ಬು ಹಾಕಿ, ಛಾವಣಿಯಿಂದ ಪಕ್ಕಕ್ಕೆ ತಂದೆ. ಇಡೀ ಶೆಲ್ಫಿಗೆ ನಾನು ಮಾಡಿದ ಅತಿ ಒಳ್ಳೆಯ ಕೆಲಸ ಅದೇ ಇರಬೇಕು.) ಪಕ್ಕದಿಂದ ಬಿದ್ದ ಬೆಳಕಿನಲ್ಲಿ ಬಿದಿರು ನಿಂತಿದ್ದ ಜಾಗ ಕಂಡಿತು: ಹಲಗೆಯ ಮೇಲೆ ತಿಳಿಬಣ್ಣದ ಒಂದು ದುಂಡು. ಸುತ್ತಲಿನ ಪೈನ್ ಮರ ವರ್ಷವಿಡೀ ಬೆಳಕು ಕುಡಿದು ಕೆಂಪಗೆ ತಿರುಗಿದೆ, ಬಿದಿರಿನಡಿಯಲ್ಲಿದ್ದಷ್ಟು ಮಾತ್ರ ತಂದ ದಿನದ ಬಣ್ಣದಲ್ಲೇ ಉಳಿದಿದೆ. ಕಲ್ಲನ್ನು ಅಲ್ಲಿಗೆ ಸರಿಸಿ ನೋಡಿದೆ, ಒಗ್ಗಲಿಲ್ಲ. ಹೂಜಿ ಇಟ್ಟೆ, ಎಲ್ಲ ಒಂದೇ ಕಡೆಗೆ ವಾಲಿದ ಹಾಗೆ ಕಂಡಿತು. ಬಿಟ್ಟುಬಿಟ್ಟೆ. ಆ ದುಂಡೂ ಬಿಸಿಲು ಕುಡಿದು ಉಳಿದದ್ದರ ಬಣ್ಣಕ್ಕೆ ಬರಲಿ.

ಬಿದಿರು ಹೊರಗೆ ಬರುವುದು 27ಕ್ಕೆ. ಅಲ್ಲಿಯವರೆಗೆ ಅಲ್ಲಿ ಏನೂ ಇಡಬೇಡ ಎಂದು ಮಗಳಿಗೆ ಹೇಳಿ ಒಳಗೆ ಹೋಗಿ ಬರುವಷ್ಟರಲ್ಲಿ, ದುಂಡಿನ ಸರಿಯಾಗಿ ನಡುವೆ ಒಂದು ಹಸಿರು ರಬ್ಬರ್ ಡೈನೋಸಾರ್ ಬಂದು ನಿಂತಿತ್ತು.