ಮಾತ್ರೆಯಲ್ಲೇ ನೋವು ಹೋಯ್ತಲ್ಲ, ಮತ್ತೆ ರೂಟ್ ಕೆನಾಲ್ ಎಂತಕ್ಕೆ?

ಶಿರಸಿಯಲ್ಲಿ ಹಲ್ಲಿನ ಡಾಕ್ಟರ್ ಆಗಿ ಕೂತಾಗಿಂದ ನಂಗೆ ಅತಿ ಹೆಚ್ಚು ಬಂದಿರೋ ಪ್ರಶ್ನೆ ಇದು. ಕ್ಲಿನಿಕ್ಕಲ್ಲಿ ಮಾತ್ರ ಅಲ್ಲ, ಮದುವೆಮನೆ ಪಂಕ್ತಿಯಲ್ಲೂ ಪಕ್ಕದಲ್ಲಿ ಕೂತೋರು ಕೇಳ್ತಾರೆ, "ಡಾಕ್ಟ್ರೇ, ಮೊನ್ನೆ ರಾತ್ರಿಯಿಡೀ ನಿದ್ದೆ ಇಲ್ಲ, ಮೆಡಿಕಲ್ಲಿಂದ ಮಾತ್ರೆ ತಂದು ತಗೊಂಡೆ, ಈಗ ಎಂಥದೂ ಇಲ್ಲ, ನೀವು ನೋಡಿದ್ರೆ ರೂಟ್ ಕೆನಾಲ್ ಅಂತೀರಿ."

ಅಷ್ಟು ಜೋರಾಗಿದ್ದ ನೋವು ತಾನಾಗೇ ನಿಂತ್ರೆ ಹೆಚ್ಚಿನ ಸಲ ಅದಕ್ಕೆ ಕಾರಣ ಹಲ್ಲು ಗುಣ ಆಗಿದ್ದಲ್ಲ, ಒಳಗಿನ ನರ ಸತ್ತಿದ್ದು.

ಹಲ್ಲಿನ ನಡುವೆ ಪಲ್ಪ್ ಅಂತ ಮೆತ್ತಗಿನ ಭಾಗ ಇರುತ್ತೆ, ನರ ರಕ್ತನಾಳ ಎಲ್ಲ ಅದರಲ್ಲೇ ಬೇರಿನ ತುದಿಯಿಂದ ಒಳಗೆ ಬರೋದು. ಹುಳುಕು ಆಳಕ್ಕಿಳಿದಾಗ, ಇಲ್ಲಾ ವರ್ಷಗಟ್ಟಲೆ ಗಟ್ಟಿ ಅಡಿಕೆ ಅಗಿದು ಹಲ್ಲು ಸವೆದು ಬಿರುಕು ಬಿಟ್ಟಾಗ (ನಮ್ಮ ಕಡೆ ಕವಳ, ಅಂದ್ರೆ ಎಲೆ ಅಡಿಕೆ, ಹಾಕೋರಲ್ಲಿ ಇದು ತುಂಬಾ) ಬ್ಯಾಕ್ಟೀರಿಯಾ ಅಲ್ಲಿಗೆ ಹೊಕ್ಕುತ್ತೆ. ಕೈಗೆ ಮುಳ್ಳು ಚುಚ್ಚಿದ್ರೆ ಬಾವು ಬರೋಕೆ ಜಾಗ ಇದೆ, ಹಲ್ಲಿನೊಳಗೆ ಸುತ್ತಲೂ ಗಟ್ಟಿ ಗೋಡೆ, ಹಾಗಾಗಿ ಒತ್ತಡ ಎಲ್ಲಾ ನರದ ಮೇಲೇ ಬೀಳುತ್ತೆ, ಮಲಗಿದಾಗ ತಲೆ ಕಡೆ ರಕ್ತದ ಒತ್ತಡ ಜಾಸ್ತಿ ಆಗೋದ್ರಿಂದ ರಾತ್ರಿ ಇನ್ನೂ ಜೋರು. ಬಿಸಿ ಚಾ ಕುಡಿದು ಲೋಟ ಕೆಳಗಿಟ್ಟ ಮೇಲೂ ನೋವು ಜಗ್ಗುತ್ತಲೇ ಇದ್ರೆ ಆ ಪಲ್ಪ್ ಸಾಮಾನ್ಯವಾಗಿ ಸುಧಾರಿಸ್ಕೊಳ್ಳಲ್ಲ.

ಆಮೇಲೆ ಅದು ಸಾಯುತ್ತೆ, ನೋವು ಮಾಯ. ಬ್ಯಾಕ್ಟೀರಿಯಾ ಮಾತ್ರ ಅಲ್ಲೇ ಇರುತ್ತೆ. ಆಂಟಿಬಯೋಟಿಕ್ ಮಾತ್ರೆ ರಕ್ತದ ಜೊತೆ ಹೋಗಿ ಕೆಲಸ ಮಾಡ್ಬೇಕು, ಸತ್ತ ಪಲ್ಪಿನಲ್ಲಿ ರಕ್ತ ಓಡಾಟನೇ ಇಲ್ಲ ಅಂದ್ಮೇಲೆ ಮದ್ದು ಅಲ್ಲಿಗೆ ತಲುಪೋದು ಹೇಗೆ? ಹೊರಗಿನ ಬಾವು ಸ್ವಲ್ಪ ಇಳಿಬಹುದು, ಮೂಲ ಹಾಗೇ. ಆರೋಗ್ಯವಾಗಿರೋ ದೊಡ್ಡೋರಿಗೆ ಹಲ್ಲಿಗೇ ಚಿಕಿತ್ಸೆ ಸಿಗೋ ಹಾಗಿದ್ರೆ ಇಂಥ ಹೆಚ್ಚಿನ ನೋವುಗಳಿಗೆ ಆಂಟಿಬಯೋಟಿಕ್ ಬೇಡ ಅಂತ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲೇ ಹೇಳಿದೆ. ಲವಂಗದೆಣ್ಣೆಯಲ್ಲಿರೋ ಯುಜೆನಾಲ್ ಸ್ವಲ್ಪ ಹೊತ್ತು ನೋವು ತಡೆಯುತ್ತೆ ನಿಜ, ನಾವೂ ಬಳಸ್ತೀವಿ, ಆದ್ರೆ ಸೋಂಕು ತೆಗೆಯಲ್ಲ. ಹೊಗೆಸೊಪ್ಪು ಒತ್ತಿಡೋದಂತೂ ದಯವಿಟ್ಟು ಬೇಡ.

ನೋವಿಲ್ದೇ ಎಷ್ಟೋ ತಿಂಗಳು ಕಳೆದ ಮೇಲೆ ಕೆಲವರ ಒಸಡಲ್ಲಿ ಸಣ್ಣ ಗುಳ್ಳೆ ಏಳುತ್ತೆ, ಒತ್ತಿದ್ರೆ ಕೀವು, ಬಾಯಲ್ಲಿ ಉಪ್ಪುಪ್ಪು ರುಚಿ, ಎರಡು ದಿನ ಬಿಟ್ಟು ಮತ್ತೆ ಅದೇ ಜಾಗದಲ್ಲಿ. ಉಷ್ಣಕ್ಕೆ ಆಯ್ತು ಅಂತ ಬಿಟ್ಟಿರ್ತಾರೆ. ನಾನು ಆ ಗುಳ್ಳೆಯ ತೂತಿನೊಳಗೆ ಗಟ್ಟಾ ಪರ್ಚಾ ಅನ್ನೋ ಗುಲಾಬಿ ಬಣ್ಣದ ಎಳೆಯಂಥ ಕಡ್ಡಿ ಮೆಲ್ಲಗೆ ತೂರಿಸಿ ಎಕ್ಸ್‌ರೇ ತೆಗೀತೀನಿ. ಚಿತ್ರದಲ್ಲಿ ಆ ಕಡ್ಡಿ ಬಾಗಿಕೊಂಡು ಹೋಗಿ ಬೇರಿನ ತುದಿಯಲ್ಲಿ ನಿಂತಿರುತ್ತೆ, ಅಲ್ಲಿ ಮೂಳೆ ಕರಗಿ ಕಪ್ಪಗೆ ಕಾಣುತ್ತೆ. ಇದನ್ನ ಕಂಡ ಮೇಲೆ ಹೆಚ್ಚು ಜನ "ಎಂತಕ್ಕೆ" ಅಂತ ಕೇಳಲ್ಲ.

ಇದೆಲ್ಲ ಬ್ಯಾಕ್ಟೀರಿಯಾದ್ದೇ ಕೆಲಸ ಅಂತ 1965ರಲ್ಲಿ ಕಾಕೆಹಾಶಿ ಅನ್ನೋ ಸಂಶೋಧಕರು ಮತ್ತವರ ಜೊತೆಗಾರರು ತೋರಿಸಿದ್ರು. ಸೂಕ್ಷ್ಮಜೀವಿನೇ ಇಲ್ಲದ ಹಾಗೆ ಬೆಳೆಸಿದ ಇಲಿಗಳ ಹಲ್ಲು ಕೊರೆದು ಪಲ್ಪ್ ತೆರೆದಿಟ್ರೂ ಅದು ಬದುಕ್ತು, ಮಾಮೂಲಿ ಇಲಿಗಳದ್ದು ಸತ್ತೋಯ್ತು.

ಹಾಗಾಗಿ ರೂಟ್ ಕೆನಾಲ್ ಅಂದ್ರೆ ಒಳಗಿನ ಕ್ಲೀನಿಂಗೇ. ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಹಲ್ಲಿಗೆ ರಬ್ಬರ್ ಹಾಳೆ ಕಟ್ಟಿ, ಸತ್ತ ಪಲ್ಪ್ ತೆಗೆದು, ಅರದಂಥ ಸಣ್ಣ ಸಣ್ಣ ಫೈಲುಗಳಿಂದ ಬೇರಿನೊಳಗಿನ ನಾಳ ಕೆರೆದು, ಸೋಡಿಯಂ ಹೈಪೋಕ್ಲೋರೈಟ್ ಅನ್ನೋ ಕ್ರಿಮಿ ಕೊಲ್ಲೋ ದ್ರಾವಣದಲ್ಲಿ ತೊಳೆದು, ಕೊನೆಗೆ ಅದೇ ಗಟ್ಟಾ ಪರ್ಚಾ ತುಂಬಿ ಮುಚ್ಚೋದು. ಮೇಲಿನ ಮುಂದಿನ ಹಲ್ಲಿಗೆ ಒಂದೇ ನಾಳ, ಕೆಳಗಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ 3, ಮೇಲಿನದಕ್ಕೆ ಎಷ್ಟೋ ಸಲ 4, ಅದಕ್ಕೇ ಹೊತ್ತು ಹಿಡಿಯೋದು.

ಕಿತ್ತು ಹಾಕಿದ್ರೂ ಸೋಂಕು ಹೋಗುತ್ತೆ, ಸುಳ್ಳು ಹೇಳಲ್ಲ, ಬೇರಿನ ತನಕ ಸೀಳಿದ ಹಲ್ಲಾದ್ರೆ ನಾನೇ ಕೀಳೋಣ ಅಂತೀನಿ. ಉಳಿಸೋಕೆ ಆಗೋ ಹಲ್ಲು ಕಿತ್ರೆ ಮಾತ್ರ ಪಕ್ಕದ್ದು ವಾಲುತ್ತೆ, ಎದುರಿನದ್ದು ಇಳಿಯುತ್ತೆ, ಆ ಕಡೆ ಅಗಿಯೋದೇ ಬಿಡ್ಬೇಕಾಗುತ್ತೆ.

ಇನ್ನು ದವಡೆ ಕೆಳಗೆ ಬಾವು ಬಂದು ಬಾಯಿ ತೆಗೆಯೋಕೆ, ನುಂಗೋಕೆ ಕಷ್ಟ, ಜ್ವರ, ನಾಲಿಗೆ ಮೇಲೆ ಬಂದ ಹಾಗೆ ಅನ್ನಿಸಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ. ಉಸಿರಾಟಕ್ಕೇ ತೊಂದರೆ ಆಗೋ ಸ್ಥಿತಿ ಅದು, ದೊಡ್ಡ ಆಸ್ಪತ್ರೆ ನಮಗೆ ದೂರ, ಮಳೆಗಾಲದಲ್ಲಿ ಘಾಟಿ ರಸ್ತೆ ಬೇರೆ, ಆ ರಾತ್ರಿನೇ ಹೊರಡಿ.

ಚಿಕಿತ್ಸೆ ಮುಗಿದ ಮೇಲೆ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸ್ಕೊಳ್ಳಿ, ಹುಳುಕು ತೆಗೆದು ಒಳಗೆ ಕೊರೆದ ಹಲ್ಲು ಬೇಗ ಒಡೆಯುತ್ತೆ, ಕ್ಯಾಪ್ ಕೂರೋ ತನಕ ಆ ಕಡೆಯಿಂದ ಅಡಿಕೆ ಕಡಿಯೋಕೆ ಹೋಗ್ಬೇಡಿ.