ರಾತ್ರಿ ಎದ್ದು ನೋಡುವವರು ಯಾರು?

26 ದಿನ ಆಸ್ಪತ್ರೆಯಲ್ಲಿದ್ದ ಅಪ್ಪ ಮಂಗಳವಾರ ಮನೆಗೆ ಬಂದರು. ಬಲಗೈ, ಬಲಗಾಲು ಆಡುವುದಿಲ್ಲ, ಮಾತು ನಿಂತಿದೆ. ಮೂಗಿನಲ್ಲಿ ಆಹಾರ ಕೊಡುವ ರೈಲ್ಸ್ ಟ್ಯೂಬ್, ಮಂಚದ ಪಕ್ಕ ಮೂತ್ರದ ಚೀಲ, ಮೂಲೆಯಲ್ಲಿ ಕರೆಂಟಿನಿಂದ ನಡೆಯುವ ಆಕ್ಸಿಜನ್ ಯಂತ್ರ, ಕಾನ್ಸಂಟ್ರೇಟರ್. ಬುಧವಾರ ಬೆಳಿಗ್ಗೆ ಸಿಸ್ಟರ್ ಬಂದರು, ಅಪ್ಪನಿಗೆ ಏನೇನು ಆರೈಕೆ ಬೇಕೆಂದು ನೋಡಿ ಬರೆದುಕೊಳ್ಳಲು. ಹಾಸನದ ಕಡೆಯವರು, ಮೂವತ್ತು ದಾಟಿರಲಿಕ್ಕಿಲ್ಲ.

ಬಿಪಿ ನೋಡಿ ಹೋಗುತ್ತಾರೆ ಎಂದುಕೊಂಡಿದ್ದೆ. ಅದು ಹತ್ತು ನಿಮಿಷದಲ್ಲಿ ಮುಗಿಯಿತು. ಆಮೇಲೆ ಅಪ್ಪನ ಕಾಲುಚೀಲ ತೆಗೆದು, ಹಿಮ್ಮಡಿಯ ಕೆಂಪು ಕಲೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. "ಒತ್ತಿದಾಗ ಬೆಳ್ಳಗಾಗಬೇಕಿತ್ತು. ಕೆಂಪಾಗಿಯೇ ಉಳಿದಿದೆ ನೋಡಿ. ಹಾಸಿಗೆ ಹುಣ್ಣು ಶುರುವಾಗುವುದು ಹೀಗೆಯೇ." ಸ್ಪರ್ಶದ ಅರಿವು, ಚರ್ಮದ ತೇವ, ಓಡಾಟ, ಮೈ ಕದಲಿಸುವ ಶಕ್ತಿ, ಆಹಾರ, ಹಾಸಿಗೆಯ ಉಜ್ಜಾಟ ಎಂದು ಆರು ಅಂಶಗಳಿಗೆ ಅಂಕ ಹಾಕಿದರು. ಹಾಸಿಗೆ ಹುಣ್ಣಿನ ಅಪಾಯ ಅಳೆಯುವ ಬ್ರೇಡನ್ ಮಾಪನವಂತೆ. ಪೂರ್ಣಾಂಕ 23, 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯ. ಅಪ್ಪನಿಗೆ ಬಂದದ್ದು 11. ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು ಬರುತ್ತದೆ, ಸಿಲಿಂಡರ್ ಇದೆಯೇ ಎಂದೂ ಕೇಳಿದರು.

ಕೊನೆಗೆ ಕೇಳಿದ್ದು: "ರಾತ್ರಿ ಎದ್ದು ನೋಡುವವರು ಯಾರು?"

ನಾನು, ನನ್ನ ಹೆಂಡತಿ, ಅಮೆರಿಕದಿಂದ ವಿಡಿಯೋ ಕರೆಯಲ್ಲಿದ್ದ ತಮ್ಮ, ಯಾರೂ ಬಾಯಿ ಬಿಡಲಿಲ್ಲ. ನಮ್ಮಿಬ್ಬರ ಕಣ್ಣು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ಹೋಯಿತು. "ನಾನಿದ್ದೇನಲ್ಲ" ಎಂದರು ಅಮ್ಮ.

"ಹಾಗಾದರೆ ಇವರನ್ನು ಒಂದು ಸಲ ಎಡಮಗ್ಗುಲಿಗೆ ಹೊರಳಿಸಿ ತೋರಿಸುತ್ತೀರಾ, ಅಮ್ಮಾ?"

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಪ್ಪನ ಭುಜದ ಕೆಳಗೆ ಕೈ ಕೊಟ್ಟರು. ಅಪ್ಪ 74 ಕಿಲೋ. ಅಮ್ಮನ ಮೊಣಕಾಲು ಮಂಚಕ್ಕೆ ಒತ್ತಿತು, ಬಳೆ ಹೊದಿಕೆಗೆ ಸಿಕ್ಕಿಕೊಂಡಿತು, ಅಪ್ಪ ಕದಲಲಿಲ್ಲ. ಅವರು ಅಮ್ಮನ ಮುಖವನ್ನೇ ನೋಡುತ್ತಿದ್ದರು. ಸಿಸ್ಟರ್ ಅಮ್ಮನ ಬೆನ್ನ ಮೇಲೆ ಕೈಯಿಟ್ಟು "ಸಾಕಮ್ಮ" ಎಂದರು. ಹಾಳೆಯಲ್ಲಿ ಬರೆದರು: ರಾತ್ರಿಗೆ ಇಬ್ಬರು ಬೇಕು.

ಆ ಬಳೆ ಸಿಕ್ಕಿಕೊಂಡದ್ದು ಕಣ್ಣಿನಿಂದ ಹೋಗುತ್ತಿಲ್ಲ. ಆಸ್ಪತ್ರೆಯವರು ಕೊಟ್ಟ ನಾಲ್ಕು ಪುಟಗಳಲ್ಲಿ ಪ್ರತಿ ಮಾತ್ರೆಗೂ ಹೊತ್ತು, ಪ್ರಮಾಣ ಎಲ್ಲ ಇದೆ. ಕೊನೆಯಲ್ಲಿ ಒಂದು ಸಾಲು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಆ ವಾಕ್ಯಕ್ಕೆ ಕರ್ತೃಪದವೇ ಇಲ್ಲ. ನಮ್ಮ ಮನೆಯಲ್ಲಿ ಎಂದಿನಿಂದಲೂ ಇಂಥ ವಾಕ್ಯಗಳೇ. ಹಾಲು ಕಾಯಿಸಬೇಕು, ಮಗುವಿಗೆ ಜ್ವರ ನೋಡಬೇಕು, ನೆಂಟರಿಗೆ ಹಾಸಬೇಕು. ಯಾರು ಎಂದು ಕೇಳದೆಯೇ ಅರ್ಥವಾಗುತ್ತಿತ್ತು. ಆ ಜಾಗದಲ್ಲಿ 44 ವರ್ಷದಿಂದ ಅಮ್ಮ ನಿಂತಿದ್ದರು. ಮೊದಲ ಸಲ ಆ "ಯಾರು" ಎಂಬುದನ್ನು ಕೇಳಿದ್ದು ಹೊರಗಿನ ಹುಡುಗಿ.

ತಮ್ಮ ಖರ್ಚೆಲ್ಲ ತನ್ನದೆಂದ. ಒಳ್ಳೆಯವನು, ನಿಜವಾಗಿಯೂ ಕೊಡುತ್ತಾನೆ. ಆದರೆ ಅತ್ತೆಯ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. "ಹೆಂಡತಿ ನೋಡಿದ ಹಾಗೆ ಸಂಬಳದವರು ನೋಡುತ್ತಾರೆಯೇ?" ಎಂದರು. ಅಮ್ಮನಿಗೂ 68 ಆಯಿತು, ಅತ್ತೆ.

ಗುರುವಾರದಿಂದ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಒಬ್ಬ ಸಹಾಯಕ ಬರುತ್ತಿದ್ದಾನೆ. ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದೇನೆ: ಹತ್ತು, ಹನ್ನೆರಡು, ಎರಡು, ನಾಲ್ಕು, ಆರು. ಪ್ರತಿ ಗಂಟೆಯ ಮುಂದೆ ಅವನ ಜೊತೆ ಕೈಕೊಡುವವರ ಹೆಸರು. ಎರಡಕ್ಕೆ ನಾನು.

ನಿನ್ನೆ ಎರಡಕ್ಕೆ ಎದ್ದು ಹೋದರೆ ಅಮ್ಮ ಕತ್ತಲಲ್ಲಿ ಕುರ್ಚಿಯ ಮೇಲೆ ಕುಳಿತಿದ್ದರು. "ನೀನು ಏಳುತ್ತೀಯೋ ಇಲ್ಲವೋ ಎಂದು ಕುಳಿತೆ" ಎಂದರು. ನಾನೂ ಸಹಾಯಕನೂ ಹೊದಿಕೆ ಹಿಡಿದು ಅಪ್ಪನನ್ನು ಹೊರಳಿಸಿದೆವು. ಅಮ್ಮ ಅಪ್ಪನ ಹಿಮ್ಮಡಿ ಹಾಸಿಗೆಗೆ ತಾಗದಂತೆ ದಿಂಬು ಸರಿಮಾಡಿ, ನಾನು "ಮಲಗಿ" ಎಂದ ಮೇಲೆ ಹೋಗಿ ಮಲಗಿದರು.