ಸುಬಾಬುಲ್ ಬೀಜಕ್ಕೆ ಬಿಸಿನೀರು

ಮುಂಡರಗಿ ಕಡೆ ನಮ್ಮ ಹೊಲದ ಒಡ್ಡಿಗೆ ವರ್ಷಾ ಒಂದಿಷ್ಟು ಸುಬಾಬುಲ್, ಜಾಲಿ ಗಿಡ ಹಚ್ಚುತ್ತೇವೆ. ಆಡಿಗೆ ಮೇವಾಯಿತು, ಒಲೆಗೆ ಕಟ್ಟಿಗೆಯೂ ಆಯಿತು. ಸಸಿ ಮನೆಯಲ್ಲೇ ಮಾಡಿಕೊಳ್ಳುತ್ತೇವೆ. ಬೇಸಿಗೆಯಲ್ಲಿ ನಾನು ಬೋಗುಣಿ ತುಂಬ ನೀರು ಕಾಯಿಸೋದು, ಅವ್ವ "ಬೀಜಾ ಬಿತ್ತಾಂವೋ, ಪಲ್ಯಾ ಮಾಡಾಂವೋ?" ಅಂತ ಕೇಳೋದು ಮಾಮೂಲು.

ಸುಬಾಬುಲ್ ಬೀಜ ಚಪ್ಪಟೆ, ಕಂದು ಬಣ್ಣ, ವಾರ್ನಿಶ್ ಹಚ್ಚಿದ ಹಾಗೆ ಹೊಳಪು. ಆ ಸಿಪ್ಪೆ ದಾಟಿ ನೀರು ಒಳಗೆ ಹೋಗುವುದಿಲ್ಲ. ಬೀಜಕ್ಕೆ ಜೀವ ಇದೆ, ಆದರೆ ನೆನೆಯೋದೇ ಇಲ್ಲ. ಹಾಗೇ ಮಣ್ಣು ತುಂಬಿದ ಸಸಿ ಚೀಲಕ್ಕೆ ಹಾಕಿದರೆ ಒಂದು ಈ ವಾರ ಏಳುತ್ತದೆ, ಇನ್ನೊಂದು ಮುಂದಿನ ತಿಂಗಳು. ಗೇಣುದ್ದ ಸಸಿಯ ಪಕ್ಕದಲ್ಲೇ ಖಾಲಿ ಚೀಲಕ್ಕೂ ನೀರು ಹಾಕುತ್ತಾ ಕೂರಬೇಕು.

ಬೀಜವನ್ನು ಒಲೆ ಮೇಲೆ ಕುದಿಸಬಾರದು, ಸತ್ತೇ ಹೋಗುತ್ತದೆ. ನೀರು ಕುದಿಸಿ, ಕೆಳಗಿಳಿಸಿ, ಕುದಿ ನಿಂತ ಮೇಲೆ ಬೀಜ ಸುರಿಯಬೇಕು. ಬೀಜದ ನಾಲ್ಕೈದು ಪಟ್ಟು ನೀರಿರಲಿ. ಥರ್ಮಾಮೀಟರ್ ಇದ್ದವರು 80 ಡಿಗ್ರಿ ನೀರಿನಲ್ಲಿ ಮೂರ್ನಾಲ್ಕು ನಿಮಿಷ ಇಟ್ಟು ತಣ್ಣೀರಿಗೆ ಹಾಕಬಹುದು. ನಾನಂತೂ ರಾತ್ರಿಯಿಡೀ ಅದೇ ನೀರಲ್ಲಿ ಆರಲು ಬಿಡುತ್ತೇನೆ. ಬೀಜ ಕಾಯಿಗೆ ಅಂಟಿಕೊಂಡಿದ್ದ ಜಾಗದ ಹತ್ತಿರ ಸಿಪ್ಪೆಯಲ್ಲಿ ಒಂದು ಸಣ್ಣ ಮೆತ್ತನೆ ಜಾಗ ಇರುತ್ತದೆ. ಬಿಸಿಗೆ ಅದು ಬಿರಿಯುತ್ತದೆ, ನೀರು ಅಲ್ಲಿಂದ ನುಗ್ಗುತ್ತದೆ.

ಬೆಳಿಗ್ಗೆ ಬೋಗುಣಿಗೆ ಕೈ ಹಾಕಿದರೆ ಗೊತ್ತಾಗುತ್ತದೆ. ನೆನೆದ ಬೀಜ ಉಬ್ಬಿ, ಹೊಳಪು ಹೋಗಿ, ಬೆರಳಿಗೆ ಮೆತ್ತಗೆ ಸಿಗುತ್ತದೆ. ನೆನೆಯದೇ ಇದ್ದದ್ದು ಇನ್ನೂ ಸಣ್ಣಗೆ, ಗಟ್ಟಿಯಾಗಿ, ಮಿರಮಿರ ಮಿಂಚುತ್ತಾ ತಳದಲ್ಲಿ ಕೂತಿರುತ್ತದೆ. ಅವನ್ನು ಆರಿಸಿ ಮತ್ತೊಮ್ಮೆ ಬಿಸಿನೀರಿಗೆ ಹಾಕುತ್ತೇನೆ. ಉಬ್ಬಿದ್ದು ಮಾತ್ರ ಚೀಲಕ್ಕೆ. ಹೀಗೆ ಮಾಡಿದರೆ ಎಲ್ಲಾ ಸಸಿ ಹೆಚ್ಚುಕಡಿಮೆ ಒಟ್ಟಿಗೇ ಏಳುತ್ತವೆ. ಆಸಿಡ್‌ನಲ್ಲಿ ಅದ್ದುವ ಪದ್ಧತಿಯೂ ಇದೆ. ಮಕ್ಕಳು ಓಡಾಡೋ ಮನೆಯಲ್ಲಿ ಅದರ ಸಹವಾಸ ಬೇಡ.

ರೈಜೋಬಿಯಂ ಪುಡಿ (ಬೇರಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಜೀವಾಣು) ಹಚ್ಚೋದಿದ್ದರೆ ಬೀಜ ಪೂರ್ತಿ ತಣ್ಣಗಾಗಿರಬೇಕು, ಇಲ್ಲವೆಂದರೆ ಜೀವಾಣು ಬೆಂದುಹೋಗುತ್ತವೆ. ಬೆಲ್ಲದ ಅಂಟುನೀರಲ್ಲಿ ಕಲಸಿ, ನೆರಳಲ್ಲಿ ಆರಿಸಿ, ಅವತ್ತೇ ಹಾಕಿಬಿಡಬೇಕು. ಪುಡಿ ಸುಬಾಬುಲ್‌ಗೆ ಹೊಂದುವುದೇ ಅಂತ ಕೇಳಿ ತನ್ನಿ, ಎಲ್ಲಾ ಬೆಳೆಗೂ ಒಂದೇ ನಡೆಯೋದಿಲ್ಲ. ಸಸಿ ಸ್ವಲ್ಪ ದೊಡ್ಡದಾದ ಮೇಲೆ ಒಂದನ್ನು ಕಿತ್ತು ಬೇರಿನ ಗಂಟು ಉಗುರಿನಿಂದ ಒಡೆದು ನೋಡಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ನಡೆದಿದೆ ಅಂತ. ಹುಣಸೆ, ಕಕ್ಕೆ ಕೂಡ ಇದೇ ಕುಟುಂಬದವು, ಆದರೆ ಅವುಗಳ ಬೇರಲ್ಲಿ ಗಂಟು ಕಟ್ಟೋದಿಲ್ಲ. ಅವಕ್ಕೆ ಪುಡಿ ಹಚ್ಚೋದು ಸುಮ್ನೆ ದಂಡ.

ಇದೆಲ್ಲ ಚೀಲದ ಮಾತು. ಒಡ್ಡಿಗೆ ನೇರ ಬಿತ್ತುವಾಗ ನಾನು ಎಲ್ಲಾ ಬೀಜಕ್ಕೂ ಬಿಸಿನೀರು ಹಾಕೋದಿಲ್ಲ. ನಮ್ಮಲ್ಲಿ ರೋಹಿಣಿ ಮಳೆ ಒಂದು ಸಲ ಸುರಿದು ಮಾಯವಾಗೋದು ಜಾಸ್ತಿ. ನೆನೆದ ಬೀಜ ಅಷ್ಟಕ್ಕೇ ಮೊಳೆತು ಬಿಸಿಲಿಗೆ ಒಣಗುತ್ತದೆ. ಗಟ್ಟಿ ಬೀಜ ಆಮೇಲಿನ ಮಿರಗದ (ಮೃಗಶಿರ) ಮಳೆಗೂ ಕಾಯುತ್ತದೆ, ಮುಂದಿನ ವರ್ಷಕ್ಕೂ ಕಾಯುತ್ತದೆ. ಅದಕ್ಕೇ ಅರ್ಧ ನೆನೆಸಿದ್ದು, ಅರ್ಧ ಹಾಗೇ ಇದ್ದದ್ದು ಬೆರೆಸಿ ಹಾಕುತ್ತೇನೆ. ಜಾಲಿಗಂತೂ ಅಷ್ಟೂ ಕಷ್ಟ ಇಲ್ಲ. ಕಾಯಿ ತಿಂದ ಆಡಿನ ಹಿಕ್ಕೆಯಲ್ಲಿ ಬೀಜ ಅರ್ಧ ಹದವಾಗಿಯೇ ಬಂದಿರುತ್ತದೆ, ದೊಡ್ಡಿ ಗೊಬ್ಬರದಿಂದ ಆರಿಸಿಕೊಂಡರಾಯಿತು.